ಪೈಪಿನಲ್ಲಿ ಜಾರುವ ಪೊಟ್ಟಣ: ನಮ್ಮನೆಯ ಹ್ಯಾಲೋವೀನ್ ತಯಾರಿ

3 ಇಂಚಿನ ಪಿವಿಸಿ ಡ್ರೇನ್ ಪೈಪು, 10 ಅಡಿ ಉದ್ದದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಇದು ಎರಡು ಥರ ಸಿಗುತ್ತದೆ: ಮನೆಯೊಳಗಿನ ಪ್ಲಂಬಿಂಗಿಗೆ ಬಳಸುವ ದಪ್ಪ ಗೋಡೆಯದು, ಅಂಗಳದ ಮಳೆನೀರು ಸಾಗಿಸುವ ತೆಳು ಗೋಡೆಯದು. ನಮ್ಮ ಕೆಲಸಕ್ಕೆ ತೆಳುವಿನದೇ ಸರಿ. ಹಗುರ, ಅಗ್ಗ, ಗರಗಸ ಹಾಕಿದರೆ ಬೇಗ ತುಂಡಾಗುತ್ತದೆ. ಈ ಪೈಪನ್ನು ಮುಂಬಾಗಿಲ ಮೆಟ್ಟಿಲಿನ ಕಟಕಟೆಗೆ ಇಳಿಜಾರಾಗಿ ಕಟ್ಟುವುದು. ಮೇಲಿನ ಬಾಯಿಂದ ನಾವೊಂದು ಪೊಟ್ಟಣ ಬಿಡುವುದು. ಕೆಳಗಿನ ಬಾಯಿಗೆ ಚೀಲ ಒಡ್ಡಿ ನಿಂತ ಮಗು ಅದನ್ನು ಹಿಡಿಯುವುದು. ಅಕ್ಟೋಬರ್ ಕೊನೆಗೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳಲು ಮನೆಮನೆಗೆ ಬರುವ ಹ್ಯಾಲೋವೀನ್ ಹಬ್ಬಕ್ಕೆ ನಮ್ಮ ಯೋಜನೆ ಅಂದರೆ ಇಷ್ಟೇ. 2020ರ ಕೋವಿಡ್ ಹ್ಯಾಲೋವೀನಿನಲ್ಲಿ ಅಮೆರಿಕದ ಎಷ್ಟೋ ಮನೆಗಳ ಮುಂದೆ ಇಂಥ ಪೈಪು ಕಾಣಿಸಿಕೊಂಡಿತ್ತು, ಆರಡಿ ಅಂತರ ಕಾಯುವುದಕ್ಕೆ. ಆಮೇಲೆ ಬಹುತೇಕರು ಬಿಚ್ಚಿಟ್ಟರು. ನಾನು ಅದನ್ನೇ ಸಕ್ಕರೆ ಕಡಿಮೆ ಮಾಡುವುದಕ್ಕೆ ಕಟ್ಟಿದೆ.

ನಾವಿರುವುದು ಒಹಾಯೊ ರಾಜ್ಯದ ಕೊಲಂಬಸ್ ಪಕ್ಕದ ಒಂದು ಬಡಾವಣೆಯಲ್ಲಿ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗುವ ಸಂಜೆಗೆ ಈ ಕಡೆ ಬೆಗ್ಗರ್ಸ್ ನೈಟ್ ಅಂತ ಹಳೆಯ ಹೆಸರಿದೆ. ದಿನವನ್ನೂ ಹೊತ್ತನ್ನೂ ಊರಿನ ಆಡಳಿತವೇ ಗೊತ್ತು ಮಾಡಿ ತಿಳಿಸುತ್ತದೆ, ಸಾಮಾನ್ಯವಾಗಿ ಸಂಜೆ 6ರಿಂದ 8. ಅಷ್ಟರಲ್ಲಿ ಚುರುಕಾದ ಮಗುವೊಂದು ಬಕೆಟ್ ತುಂಬ ಕ್ಯಾಂಡಿ ಮನೆಗೆ ತರಬಲ್ಲದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದ್ದು, 2ರಿಂದ 18 ವರ್ಷದ ಮಕ್ಕಳಿಗೆ ಆಹಾರದಲ್ಲಿ ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಂ ದಾಟಬಾರದು ಎಂದು. ಅಂದರೆ 6 ಟೀ ಚಮಚ. ಹ್ಯಾಲೋವೀನಿಗೆ ಹಂಚುವ ಪುಟ್ಟ ಚಾಕೊಲೇಟ್ ಬಾರೊಂದರಲ್ಲಿ ಸುಮಾರು 8ರಿಂದ 10 ಗ್ರಾಂ ಇರುತ್ತದೆ. ಮೂರು ತಿಂದರೆ ಆ ದಿನದ ಪಾಲು ಮುಗಿಯಿತು. ಬಕೆಟ್ಟಿನಲ್ಲಿ ಮೂರೇ ಇರುತ್ತವೆಯೇ?

ಹಾಗಂತ ಹಬ್ಬವೇ ಬೇಡ ಅನ್ನುವವರ ಗುಂಪಿನವಳು ನಾನಲ್ಲ. ಒಂದೊಂದು ಒಣದ್ರಾಕ್ಷಿ ಪೆಟ್ಟಿಗೆ ಕೊಟ್ಟು ಕಳಿಸುವ ಮನೆಗಳೂ ಇವೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಆ ಮನೆಯ ಮೆಟ್ಟಿಲು ಇಳಿಯುವಾಗ ಮಕ್ಕಳ ಮುಖ ನೋಡಬೇಕು. ನನ್ನ ಲೆಕ್ಕ ಹೀಗೆ: ಮಗು ಬಾಗಿಲಿಗೆ ಬರುವುದು ಗಮ್ಮತ್ತಿಗೆ. ಕತ್ತಲಲ್ಲಿ ಗುರುತಿಲ್ಲದ ಬಾಗಿಲು ತಟ್ಟುವುದು, ಏನು ಸಿಗುತ್ತದೋ ಅಂತ ಕಾಯುವುದು, ಚೀಲಕ್ಕೆ ದಪ್ ಅಂತ ಬೀಳುವುದು. ಸಕ್ಕರೆ ತೆಗೆದರೆ ಆ ಜಾಗದಲ್ಲಿ ಗಮ್ಮತ್ತು ಇಮ್ಮಡಿ ಮಾಡಬೇಕು. ಇಲ್ಲದಿದ್ದರೆ ಅದು ಹಬ್ಬದ ಹೆಸರಲ್ಲಿ ಉಪದೇಶವಾಗುತ್ತದೆ.

ಮೊದಲು ಕುಂಬಳಕಾಯಿ

ಕೊಲಂಬಸ್‌ನ ದಕ್ಷಿಣಕ್ಕೆ ಸರ್ಕಲ್‌ವಿಲ್ ಅಂತ ಒಂದು ಸಣ್ಣ ಊರು. 1903ರಲ್ಲಿ ಶುರುವಾದ ಕುಂಬಳಕಾಯಿ ಜಾತ್ರೆ ಅಲ್ಲಿ ಅಕ್ಟೋಬರಿನಲ್ಲಿ ನಡೆಯುತ್ತದೆ. ಕ್ರೇನಿನಲ್ಲಿ ಎತ್ತಬೇಕಾದಂಥ ಕಾಯಿಗಳನ್ನು ತೂಕಕ್ಕೆ ಇಡುತ್ತಾರೆ. ನಮ್ಮತ್ತೆ ಉಡುಪಿಯಿಂದ ಬಂದು ಇಲ್ಲೇ ಇದ್ದರಲ್ಲ, ಅವರನ್ನು ಕರೆದುಕೊಂಡು ಹೋಗಿದ್ದೆವು. ಒಂದು ಕಾಯಿಯ ಮುಂದೆ ತುಂಬ ಹೊತ್ತು ನಿಂತು, "ಇದರಲ್ಲಿ ಊರಿನ ರಥೋತ್ಸವಕ್ಕೇ ಹುಳಿ ಆಗ್ತದೆ ಮಾರಾಯ್ತಿ" ಅಂದರು. ಆ ದೈತ್ಯ ಕಾಯಿಗಳು ಬಾಯಿಗೆ ರುಚಿಸುವಂಥವಲ್ಲ ಅಂತ ಹೇಳಿದರೆ ನಂಬಲಿಲ್ಲ.

ನಾವು ಕೊಂಡದ್ದು ಮೂರು, ಮೂರೂ ಬೇರೆಬೇರೆ ಕೆಲಸಕ್ಕೆ. ಕೆತ್ತುವುದಕ್ಕೆ ಒಂದು ದೊಡ್ಡದು. ಇಲ್ಲಿ ಮುಖ ಕೆತ್ತಲು ಹೆಚ್ಚಾಗಿ ಮಾರುವುದು ಹೌಡನ್ ತಳಿ ಮತ್ತು ಅದರ ಸಂಬಂಧಿಗಳನ್ನು. ಮ್ಯಾಸಚೂಸೆಟ್ಸಿನ ರೈತ ಜಾನ್ ಹೌಡನ್ ಬೆಳೆಸಿದ ತಳಿ. ತೊಟ್ಟು ಗಟ್ಟಿ, ಆಕಾರ ಎತ್ತರ, ತಿರುಳು ಮಾತ್ರ ನಾರು ನಾರು, ನೀರು ನೀರು. ಅಡಿಗೆಗೆ ಪೈ ಕುಂಬಳ ಅಂತ ಮಾರುವ ಗುಂಡಗಿನ ಚಿಕ್ಕದೊಂದು, ಎರಡು ಮೂರು ಪೌಂಡಿನದು. ಬಣ್ಣ ಬಳಿಯುವುದಕ್ಕೆ ಇನ್ನೊಂದು. ಬಣ್ಣ ಬಳಿದದ್ದನ್ನೂ, ಕೆತ್ತಿ ಹೊರಗಿಟ್ಟದ್ದನ್ನೂ ಆಮೇಲೆ ಅಡಿಗೆಮನೆಗೆ ತರಬಾರದು. ಒಂದೇ ಕಾಯಲ್ಲಿ ಮೂರೂ ಆಗಲಿ ಅನ್ನುವ ಉಳಿತಾಯದ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಹಳೆಯ ಐರ್ಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ವಲಸೆ ಬಂದವರಿಗೆ ಇಲ್ಲಿ ಕುಂಬಳ ಸಿಕ್ಕಿತು. ಗೆಡ್ಡೆಗಿಂತ ದೊಡ್ಡದು, ಒಳಗೆ ಮೊದಲೇ ಟೊಳ್ಳು. ಅತ್ತೆಗೆ ಈ ಇತಿಹಾಸದ ಅಗತ್ಯವೇ ಬೀಳಲಿಲ್ಲ. ಹಲ್ಲು ಕಿರಿದ ಮುಖವನ್ನು ಮನೆ ಮುಂದೆ ಇಡುವುದು ಅಂದಕೂಡಲೇ "ದೃಷ್ಟಿಗೆ ಅಲ್ವಾ" ಅಂತ ಇತ್ಯರ್ಥ ಮಾಡಿಬಿಟ್ಟರು. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗೆಲ್ಲ ರಾಕ್ಷಸನ ಮುಖ ಬರೆದ ಬೂದುಗುಂಬಳ ನೇತುಹಾಕುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನಿದೆ? ಅವರ ಷರತ್ತು ಒಂದೇ: ಇಡೀ ಕುಂಬಳಕ್ಕೆ ಮೊದಲ ಕತ್ತಿ ಹೆಂಗಸರು ಹಾಕಕೂಡದು. ನಮ್ಮನೆಯವರನ್ನು ಆಫೀಸ್ ಮೀಟಿಂಗಿನ ಮಧ್ಯದಿಂದ ಎಬ್ಬಿಸಿ ಒಂದು ಗೀರು ಹಾಕಿಸಿದ್ದಾಯಿತು. ಮಿಕ್ಕ ಕೆಲಸವೆಲ್ಲ ನಂದೇ.

ಕೆತ್ತುವ ಕ್ರಮ ಹೀಗೆ. ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುವುದು ವಾಡಿಕೆ, ಆದರೆ ಮುಚ್ಚಳ ಬಾಡಿ ಒಳಗೆ ಕುಸಿಯುತ್ತದೆ. ತಳದಲ್ಲೇ ದೊಡ್ಡ ತೂತು ಮಾಡಿದರೆ ತೊಟ್ಟು ಭದ್ರ; ದೀಪವನ್ನು ನೆಲದ ಮೇಲಿಟ್ಟು ಮೇಲಿಂದ ಕಾಯಿ ಮುಚ್ಚಿದರೆ ಆಯಿತು. ಅಡಿಗೆಮನೆಯ ದೊಡ್ಡ ಚಾಕು ಬೇಡ. ಗಟ್ಟಿ ಸಿಪ್ಪೆಯಲ್ಲಿ ಸಿಕ್ಕಿಕೊಂಡು, ಒತ್ತಿದಾಗ ಒಮ್ಮೆಲೇ ಜಾರಿ ಎಡಗೈಗೆ ಬರುತ್ತದೆ. ಕುಂಬಳಕ್ಕೆಂದೇ ಮಾರುವ ಪುಟ್ಟ ಹಲ್ಲಿನ ಗರಗಸ ನಿಧಾನ, ಆದರೆ ಜಾರುವುದಿಲ್ಲ. ಅದನ್ನೂ ದೊಡ್ಡವರೇ ಹಿಡಿಯಬೇಕು. ಎಂಟು ವರ್ಷದ ಮಗಳಿಗೆ ಕೊಟ್ಟ ಕೆಲಸ ಚುಚ್ಚುವುದು: ಕಾಗದದಲ್ಲಿ ಮುಖ ಬರೆದು, ಕಾಯಿಗೆ ಅಂಟಿಸಿ, ಗೆರೆಯುದ್ದಕ್ಕೂ ದಪ್ಪ ಪಿನ್ನಿನಿಂದ ಚುಕ್ಕಿ. ಕಾಗದ ತೆಗೆದರೆ ಚುಕ್ಕಿ ರಂಗೋಲಿ ಸಿದ್ಧ, ಆ ಜಾಡಿನಲ್ಲೇ ಗರಗಸ ಓಡುತ್ತದೆ. ಮೂರು ದಾಟಿದ ಮಗನಿಗೆ ಒಳಗಿನ ತಿರುಳು ಬಗೆಯುವ ಕೆಲಸ. ಸೌಟು ಕೊಟ್ಟಿದ್ದೆ, ಅವನು ಕೈಯನ್ನೇ ಹಾಕಿದ. ಮುಖದ ಕಡೆಯ ಗೋಡೆಯನ್ನು ಒಂದು ಇಂಚಿಗೆ ಬರುವವರೆಗೆ ಒಳಗಿನಿಂದ ಹೆರೆದರೆ ಕೆತ್ತುವುದು ಸಲೀಸು.

ಕೆತ್ತಿದ ಕಾಯಿ ಬೇಗ ಬೂಷ್ಟು ಹಿಡಿಯುತ್ತದೆ. ಒಂದು ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಹಾಕಿ, ಮಕ್ಕಳನ್ನು ಒಳಗೆ ಕಳಿಸಿ, ಒಳಗೂ ಹೊರಗೂ ಸಿಂಪಡಿಸಿ ಒಣಗಿಸಿದೆ. ಆದರೂ ಹಬ್ಬಕ್ಕೆ ಎರಡು ಮೂರು ದಿನ ಮೊದಲು ಕೆತ್ತುವುದೇ ಕ್ಷೇಮ. ಇನ್ನು ಅಳಿಲಿನ ಕಾಟ. ಖಾರದ ಪುಡಿ ಉದುರಿಸಿದರೆ ಹತ್ತಿರ ಬರುವುದಿಲ್ಲ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅತ್ತೆ ಕೂಡಲೇ ಬ್ಯಾಡಗಿ ಬೇಡ, ಗುಂಟೂರಿನದು ಹಾಕು ಅಂದರು. ಆದರೆ ಬಂದ ಮಕ್ಕಳೆಲ್ಲ ಕಾಯಿ ಮುಟ್ಟುತ್ತಾರೆ, ಅದೇ ಕೈ ಕಣ್ಣಿಗೆ ಹೋಗುತ್ತದೆ. ರಾತ್ರಿ ಗ್ಯಾರೇಜಿನೊಳಗೆ ಎತ್ತಿಟ್ಟೆವು, ಅಷ್ಟೇ.

ಒಳಗೆ ಮೇಣದ ಬತ್ತಿ ಇಲ್ಲ. ಉದ್ದ ಸೆರಗಿನ ವೇಷ ಹಾಕಿದ ಮಕ್ಕಳು ಬೆಂಕಿಯ ಪಕ್ಕ ಓಡಾಡುವುದು ಬೇಡ. ಎಲ್‌ಇಡಿ ದೀಪ ತರುವಾಗ ಮಾತ್ರ ಹಿಂದು ಮುಂದು ನೋಡಿ. ಚಿಕ್ಕ ಹಣತೆಯಂಥ ಎಲ್‌ಇಡಿಗಳಲ್ಲಿ ಗುಂಡಿ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯವಾಗುತ್ತದೆ. ಅಮೆರಿಕದಲ್ಲಿ 2022ರಲ್ಲಿ ಬಂದ ರೀಸ್ ಕಾನೂನು ಈ ಬ್ಯಾಟರಿಯ ಗೂಡನ್ನು ಮಕ್ಕಳು ಸುಲಭವಾಗಿ ತೆರೆಯದ ಹಾಗೆ ಮಾಡಬೇಕು ಅನ್ನುತ್ತದೆ, ಆದರೆ ಮನೆಯಲ್ಲಿ ಬಿದ್ದಿರುವ ಹಳೆಯ ದೀಪಗಳು ಆ ಕಾನೂನಿಗೂ ಮುಂಚಿನವು. ನಾನು ಪೆನ್ಸಿಲ್ ಸೆಲ್ ಹಾಕುವ, ಸ್ಕ್ರೂ ಇರುವ ಪೆಟ್ಟಿಗೆಯ ದೀಪದ ಸರ ತಂದು ಅದನ್ನೇ ಕಾಯಿಗೂ ಪೈಪಿಗೂ ಬಳಸಿದೆ.

ಹಸಿರು-ನೀಲಿ ಕಾಯಿ

ಬಣ್ಣ ಬಳಿದ ಕಾಯಿ ಟೀಲ್ ಬಣ್ಣದ್ದು, ನವಿಲಿನ ಕೊರಳಿನ ಹತ್ತಿರದ ಹಸಿರು-ನೀಲಿ. ಮನೆ ಮುಂದೆ ಇದನ್ನಿಟ್ಟರೆ "ಇಲ್ಲಿ ತಿನ್ನದ ಉಡುಗೊರೆಯೂ ಸಿಗುತ್ತದೆ" ಅಂತ ಅರ್ಥ. ಆಹಾರದ ಅಲರ್ಜಿ ಇರುವ ಮಕ್ಕಳಿಗಾಗಿ ಪೂರ್ವ ಟೆನೆಸಿಯ ಪೋಷಕರ ಗುಂಪೊಂದು 2012ರಲ್ಲಿ ಶುರು ಮಾಡಿದ್ದು, 2014ರಲ್ಲಿ ದೇಶದ ಮಟ್ಟಕ್ಕೆ ಬಂತು. ಅಕ್ರಿಲಿಕ್ ಬಣ್ಣ, ಎರಡು ಕೋಟು, ನಡುವೆ ಒಣಗಲು ಸಮಯ. ಮೂರು ವರ್ಷದ ಮಗುವೂ ಮಾಡಬಹುದಾದ ಕೆಲಸ. ಕೊಯ್ಯದ ಕಾಯಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ.

ಇದನ್ನು ಇಡುವ ಮೊದಲು ಮನೆಯಲ್ಲಿ ಸಣ್ಣ ಚರ್ಚೆ ನಡೆಯಿತು. ಸಕ್ಕರೆ ಬೇಡವಾದರೆ ಬೆಲ್ಲದ ಕಡಲೆಕಾಯಿ ಚಿಕ್ಕಿ ಮಾಡೋಣ, ಎಳ್ಳುಂಡೆ ಕಟ್ಟೋಣ ಅಂತ ಅತ್ತೆ. ಬೆಲ್ಲವೂ ಹಲ್ಲಿಗೆ ಸಕ್ಕರೆಯ ನೆಂಟನೇ. ಅದಕ್ಕಿಂತ ದೊಡ್ಡ ತೊಡಕು ಶೇಂಗಾ, ಎಳ್ಳು. ಅಮೆರಿಕದಲ್ಲಿ ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರೆಯಬೇಕಾದ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳಲ್ಲಿ ಶೇಂಗಾ ಮೊದಲಿನಿಂದ ಇದೆ, ಎಳ್ಳು 2023ರ ಜನವರಿ 1ರಿಂದ ಸೇರಿದೆ. ನಮ್ಮ ಸಂಕ್ರಾಂತಿಯ ತಟ್ಟೆ ಅನಾಮತ್ತಾಗಿ ಆ ಪಟ್ಟಿಯಲ್ಲಿದೆ! ಮೇಲಾಗಿ, ಗೊತ್ತಿಲ್ಲದ ಮನೆಯಲ್ಲಿ ಕೈಯಾರೆ ಮಾಡಿದ, ಸೀಲ್ ಇಲ್ಲದ ತಿಂಡಿಯನ್ನು ಇಲ್ಲಿನ ತಂದೆತಾಯಿಗಳು ಮನೆಗೆ ಹೋದಮೇಲೆ ಎಸೆಯುತ್ತಾರೆ. ಅತ್ತೆಯ ಎಳ್ಳುಂಡೆ ಕಸದ ಬುಟ್ಟಿಗೆ ಹೋಗುವುದನ್ನು ನಾನು ಸಹಿಸಲಾರೆ. ಚಿಕ್ಕಿ, ಉಂಡೆ ಮನೆಮಂದಿಗೆ ಅಂತ ತೀರ್ಮಾನವಾಯಿತು. ಬಾಗಿಲಲ್ಲಿ ಹಂಚುವುದರಲ್ಲಿ ತಿನ್ನುವಂಥದ್ದು ಏನೂ ಇಲ್ಲ.

ಪೈಪು ಕಟ್ಟಿದ್ದು

ಸಾಮಾನು: ಪೈಪು, ಹ್ಯಾಕ್ಸಾ, ಮರಳು ಕಾಗದ, ದಪ್ಪ ಜಿಪ್ ಟೈಗಳು (ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ), ಒಂದು ಬಕೆಟ್ ಮರಳು, ಮರದ ಒಂದು ಗೂಟ, ದೀಪದ ಸರ, ಕಪ್ಪು ಮತ್ತು ಕಿತ್ತಳೆ ಟೇಪು. ಮತ್ತೆ ಮಗಳ ಹಳೆಯ ಗೆಜ್ಜೆಪಟ್ಟಿ, ಭರತನಾಟ್ಯ ಕ್ಲಾಸಿಗೆ ಚಿಕ್ಕದಾಗಿ ಪೆಟ್ಟಿಗೆ ಸೇರಿದ್ದು.

ಮೆಟ್ಟಿಲಿನ ಕಟಕಟೆಯೇ ಇಳಿಜಾರನ್ನು ಗೊತ್ತು ಮಾಡಿಕೊಡುತ್ತದೆ. ನಮ್ಮ ಮೆಟ್ಟಿಲು 7 ಇಂಚು ಎತ್ತರ, 11 ಇಂಚು ಅಗಲ. ಇಳಿಜಾರು 32 ಡಿಗ್ರಿ ಹತ್ತಿರ ಬರುತ್ತದೆ. ಕಾಗದದ ಪೊಟ್ಟಣ ನಯವಾದ ಪಿವಿಸಿ ಮೇಲೆ ತಾನಾಗಿ ಜಾರಲು ಇದು ಧಾರಾಳ. ಮೆಟ್ಟಿಲಿಲ್ಲದ ಮನೆಯವರು ಏಣಿಗೋ ಮೇಜಿಗೋ ಕಟ್ಟುವಾಗ 25 ಡಿಗ್ರಿಗಿಂತ ಕೆಳಗೆ ಹೋಗದಿರುವುದು ಒಳ್ಳೆಯದು. ತೀರಾ ಕಡಿದಾದರೂ ಕಷ್ಟ, ಪೊಟ್ಟಣ ಗುಂಡಿನ ಹಾಗೆ ಹೊರಬಂದು ಮಗುವಿನ ಮುಖಕ್ಕೆ ಬಡಿಯುತ್ತದೆ.

10 ಅಡಿ ಪೂರ್ತಿ ಇಟ್ಟರೆ ಕೆಳಬಾಯಿ ಕಾಲುದಾರಿಯವರೆಗೆ ಚಾಚಿ ಎಡವುವಂತಾಗುತ್ತಿತ್ತು. 8 ಅಡಿಗೆ ಕತ್ತರಿಸಿದೆವು. ಗುಂಡನೆಯ ಪೈಪನ್ನು ನೇರವಾಗಿ ಕೊಯ್ಯಲು ಒಂದು ಉಪಾಯ: ಅಗಲವಾದ ಕಾಗದವನ್ನು ಪೈಪಿನ ಸುತ್ತ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಆ ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಕೊಯ್ಯುವಾಗ ಪೈಪನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗೆರೆಯ ಮೇಲೇ ಹೋದರೆ ಸೊಟ್ಟಗಾಗುವುದಿಲ್ಲ. ಕೆಳಬಾಯಿಯನ್ನು ಮಾತ್ರ ಬೇಕೆಂದೇ ಓರೆಯಾಗಿ, ಸೋರೆಬುರುಡೆಯ ಸೌಟಿನ ಹಾಗೆ ಕೊಯ್ದೆವು. ಒಳಗಿನಿಂದ ಬರುತ್ತಿರುವುದು ಮಗುವಿಗೆ ಕಾಣಬೇಕಲ್ಲ. ಕೊಯ್ದ ಅಂಚು ಚರ್ಮ ಗೀರುವಷ್ಟು ಚೂಪಾಗಿರುತ್ತದೆ. ಒಳಗೂ ಹೊರಗೂ ಮರಳು ಕಾಗದ ಹಾಕಿ, ಮೇಲೆ ಬಟ್ಟೆ ಟೇಪು ಸುತ್ತಿದೆ.

ತುದಿಗೆ ಎಲ್ಬೋ ಹಾಕಿ ಬಾಗಿಸಿದರೆ ಚೆಂದ ಕಾಣುತ್ತದೆ ಅಂತ ನಮ್ಮನೆಯವರ ಸಲಹೆ. ಬೇಡ ಅಂದೆ. ತಿರುವಿದ್ದ ಕಡೆ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಕೋಲೂ ಹೋಗುವುದಿಲ್ಲ. ಪೈಪು ನೇರವಿದ್ದರೆ ಪೊರಕೆಯ ಹಿಡಿಯಿಂದ ಒಮ್ಮೆ ತಳ್ಳಿದರೆ ಸಾಕು.

ಮೇಲ್ಭಾಗದಲ್ಲಿ ಮೂರು ಕಡೆ ಜಿಪ್ ಟೈ. ಕಟಕಟೆಯಾಚೆ ಚಾಚಿದ ಕೆಳಭಾಗಕ್ಕೆ ಮರಳಿನ ಬಕೆಟ್ಟಿನಲ್ಲಿ ನೆಟ್ಟ ಗೂಟ ಆಧಾರ. ಕೆಳಬಾಯಿ ನೆಲದಿಂದ ಎರಡು ಅಡಿ ಮೇಲಿದೆ. ನಮ್ಮ ಚಿಕ್ಕವನ ಎತ್ತರಕ್ಕೆ ಚೀಲ ಹಿಡಿಯಲು ಸರಿಯಾಯಿತು, ದೊಡ್ಡ ಮಕ್ಕಳು ಬಗ್ಗಿಕೊಳ್ಳುತ್ತಾರೆ. ಇದರಿಂದ ಇನ್ನೊಂದು ಲಾಭ ಕಟ್ಟುವಾಗ ಹೊಳೆದಿರಲಿಲ್ಲ, ಆಮೇಲೆ ಕಂಡದ್ದು: ಮೆಟ್ಟಿಲು ಹತ್ತಲಾಗದ ಮಗುವಿಗೂ, ಗಾಲಿಕುರ್ಚಿಯ ಮಗುವಿಗೂ ಇದು ನೆಲದಲ್ಲೇ ಸಿಗುತ್ತದೆ.

ದೀಪದ ಸರವನ್ನು ಪೈಪಿಗೆ ಸುರುಳಿ ಸುತ್ತಿ, ಗೆಜ್ಜೆಪಟ್ಟಿಯನ್ನು ಕೆಳಬಾಯಿಯ ಮೇಲಂಚಿಗೆ ತೋರಣದಂತೆ ಕಟ್ಟಿದೆ. ಒಂದೊಂದು ಗೆಜ್ಜೆಯನ್ನೂ ಎಳೆದು ನೋಡಿ, ಸಡಿಲವಿದ್ದದ್ದನ್ನು ಕಿತ್ತೆ. ಬಿದ್ದರೆ ಚಿಕ್ಕ ಮಕ್ಕಳ ಬಾಯಿಗೆ ಹೋಗುತ್ತದೆ. ಪೊಟ್ಟಣ ಹೊರಬರುವಾಗ ಗೆಜ್ಜೆಗೆ ತಗುಲಿ ಝಲ್ ಅನ್ನುತ್ತದೆ. ಇಡೀ ಕಟ್ಟೋಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಖರ್ಚೂ ಸೊನ್ನೆ.

ಪೊಟ್ಟಣ

ಮೊದಲು ಬಿಡಿ ಸ್ಟಿಕ್ಕರ್ ಹಾಳೆಗಳನ್ನು ಬಿಟ್ಟು ನೋಡಿದೆವು. ಅರ್ಧದಾರಿಗೆ ನಿಂತುಬಿಟ್ಟವು. ಇಲ್ಲಿಯ ಚಳಿಯ ಒಣಗಾಳಿಗೆ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯಿವಿದ್ಯುತ್ ಸೇರಿಕೊಂಡು, ಹಗುರ ಕಾಗದ ಪೈಪಿನ ಗೋಡೆಗೆ ಅಂಟುತ್ತದೆ. ಬಟ್ಟೆ ಡ್ರೈಯರಿಗೆ ಹಾಕುವ ಹಾಳೆಯನ್ನು ಕೋಲಿಗೆ ಕಟ್ಟಿ ಪೈಪಿನೊಳಗೆ ಓಡಿಸಿದರೆ ಕಡಿಮೆಯಾಗುತ್ತದೆ. ಪೂರ್ತಿ ಪರಿಹಾರ ಬೇಕೆಂದರೆ ವಸ್ತುವಿಗೆ ಒಂದಿಷ್ಟು ತೂಕ, ಚೂಪು ಮೂತಿ ಇರಬೇಕು.

ಅದಕ್ಕೆ ದಾರಿ ತೋರಿಸಿದ್ದು ಅತ್ತೆ. ದಿನಸಿ ತಂದ ಕಂದು ಕಾಗದದ ಚೀಲಗಳನ್ನು ಒಂದು ಗೇಣು ಚೌಕಕ್ಕೆ ಕತ್ತರಿಸಿ, ಮೂಲೆಯಿಂದ ಸುರುಳಿ ಸುತ್ತಿ, ಕೆಳತುದಿ ಮಡಚಿ, ಹುರಿಗಡಲೆ ಅಂಗಡಿಯವನ ಕೈಚಳಕದಲ್ಲಿ ಪೊಟ್ಟಣ ಕಟ್ಟತೊಡಗಿದರು. ಬಾಯಗಲ ಎರಡು ಇಂಚು ಮೀರಬಾರದು ಅಂತ ನಾನು ಅಳತೆ ಕೊಟ್ಟೆ, ಪೈಪಿನಲ್ಲಿ ಸುತ್ತ ಜಾಗ ಇರಲಿ ಅಂತ. ಬಾಯಿ ಮಡಚಿದ ಮೇಲೆ ಒಂದು ಚೂರು ಟೇಪು. ಇಲ್ಲದಿದ್ದರೆ ಜಾರುವಾಗ ಬಿಚ್ಚಿಕೊಳ್ಳುತ್ತದೆ. ಮೂತಿ ಕೆಳಗೆ ಮಾಡಿ ಬಿಟ್ಟರೆ ಎಂಟಡಿ ಪೈಪನ್ನು ಸರ್ರನೆ ದಾಟುತ್ತದೆ. ಮಗಳು ಪ್ರತಿಯೊಂದಕ್ಕೂ ಎರಡು ಕಣ್ಣು, ಒಂದು ಕೋರೆಹಲ್ಲು ಬರೆದಳು.

ಒಳಗೆ ಹಾಕಿದ್ದು ಒಂದು ರಬ್ಬರ್, ಒಂದು ತುಂಡು ಪೆನ್ಸಿಲ್, ಸ್ಟಿಕ್ಕರ್, ಒಂದು ಒಗಟಿನ ಚೀಟಿ. ತೂಕ ಕೊಡುವುದು ರಬ್ಬರೇ. ಕತ್ತಲಲ್ಲಿ ಹೊಳೆಯುವ ಬಳೆಯನ್ನು ದೊಡ್ಡ ಮಕ್ಕಳಿಗೆ ಕೈಯಲ್ಲೇ ಕೊಟ್ಟೆವು. ಅದರೊಳಗಿನ ದ್ರವ ಬಾಯಿಗೂ ಕಣ್ಣಿಗೂ ಉರಿ, ಕಚ್ಚುವ ವಯಸ್ಸಿನವರಿಗೆ ಬೇಡ. ಮೂರು ವರ್ಷದೊಳಗಿನ ಮಕ್ಕಳಿಗೆ ಪೊಟ್ಟಣವೂ ಇಲ್ಲ: ರಬ್ಬರಿನಂಥ ಪುಟ್ಟ ವಸ್ತು ಗಂಟಲಿಗೆ ಸಿಗುತ್ತದೆ. ಅಮೆರಿಕದಲ್ಲಿ ಆಟಿಕೆ ಪರೀಕ್ಷಿಸುವ ಸಿಲಿಂಡರಿನ ಅಗಲ ಒಂದೂಕಾಲು ಇಂಚು. ಅದರೊಳಗೆ ಪೂರ್ತಿ ಇಳಿಯುವುದು ಆ ವಯಸ್ಸಿಗೆ ನಿಷಿದ್ಧ. ಮನೆಯಲ್ಲಿ ನೋಡಲು ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆ ಸಾಕು. ಪುಟಾಣಿಗಳಿಗೆಂದು ದಪ್ಪ ರಟ್ಟಿನ ಪುಟಗಳ ಕಿರುಪುಸ್ತಕಗಳನ್ನು ಬೇರೆ ಬುಟ್ಟಿಯಲ್ಲಿಟ್ಟೆ.

ಒಗಟಿನ ಯೋಚನೆ ಬಂದದ್ದು ಅಯೋವಾ ರಾಜ್ಯದಿಂದ. ಅಲ್ಲಿನ ಡಿ ಮೊಯ್ನ್ ನಗರದಲ್ಲಿ ಹ್ಯಾಲೋವೀನ್ ಪುಂಡಾಟ ತಡೆಯಲಾರದೆ 1938ರಲ್ಲಿ ಊರಿನ ಆಟದ ಮೈದಾನಗಳ ಇಲಾಖೆ ಬೆಗ್ಗರ್ಸ್ ನೈಟ್ ಶುರು ಮಾಡಿತು. ಅಲ್ಲಿ ಮಗು ಒಂದು ಜೋಕೋ ಒಗಟೋ ಹೇಳಿದರೇ ಮಿಠಾಯಿ. ಎಂಥ ಒಳ್ಳೆಯ ವ್ಯವಹಾರ! ಪುಕ್ಕಟೆಯಾಗಿ ಬಂದದ್ದಲ್ಲ, ಗಳಿಸಿದ್ದು. ನಾವು ಚೀಟಿಯಲ್ಲಿ ಅತ್ತೆಯ ಒಗಟುಗಳನ್ನು ಇಂಗ್ಲಿಷಿನಲ್ಲಿ ಬರೆದೆವು, ಉತ್ತರ ಹಿಂಬದಿ. "ಅಂಕುಡೊಂಕಿನ ಬಾವಿ, ಇಣುಕಿ ನೋಡಿದರೆ ಹನಿ ನೀರಿಲ್ಲ" ಅನ್ನುವುದಕ್ಕೆ ಮಕ್ಕಳು ಹೇಳಿದ ಉತ್ತರಗಳಲ್ಲಿ ಕಿವಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಹುಲಿವೇಷ

ಅಪ್ಪನ ಊರಿನ ಹುಲಿಕುಣಿತದ ವಿಡಿಯೊ ನೋಡಿ ನೋಡಿ ಮಗನಿಗೆ ಹುಲಿಯೇ ಆಗಬೇಕಿತ್ತು. ಮಂಗಳೂರಿನ ನವರಾತ್ರಿಯಲ್ಲಿ ಮೈಗೆ ಬಣ್ಣ ಬಳಿದುಕೊಂಡು ಕುಣಿಯುತ್ತಾರೆ. ಒಹಾಯೊದ ಅಕ್ಟೋಬರ್ ಕೊನೆಗೆ ಬರಿಮೈಯಲ್ಲಿ ನಿಂತರೆ ಹುಲಿ ನಡುಗುತ್ತದೆ. ಇಲ್ಲಿ ವೇಷ ಹೊಲಿಯುವಾಗ ಸ್ವೆಟರಿನ ಮೇಲೆ ಅಳತೆ ತೆಗೆಯಬೇಕು. ಇಲ್ಲದಿದ್ದರೆ ಕಷ್ಟಪಟ್ಟು ಮಾಡಿದ ವೇಷ ಕೋಟಿನಡಿ ಮುಚ್ಚಿಹೋಗುತ್ತದೆ. ಹಳದಿ ಫ್ಲೀಸ್ ಬಟ್ಟೆಯ ಸಡಿಲ ಅಂಗಿ-ಚಡ್ಡಿ, ಕಾಲಿನ ಅಂಚು ಹೆಜ್ಜೆಗೆ ತೊಡರದಂತೆ ಗಿಣ್ಣಿಗಿಂತ ಮೇಲೆ. ಕಪ್ಪು ಫೆಲ್ಟಿನ ಪಟ್ಟೆಗಳ ನಡುನಡುವೆ ಬೆಳಕು ಬಿದ್ದರೆ ಹೊಳೆಯುವ ಬೆಳ್ಳಿ ಟೇಪಿನ ಪಟ್ಟೆ: ಎದೆ, ಬೆನ್ನು, ಎರಡೂ ತೋಳು, ಕಾಲು. ಕಾರಿನ ದೀಪ ಬಿದ್ದಾಗ ಹುಲಿ ಉರಿಯುತ್ತದೆ.

ಇದು ಅಲಂಕಾರಕ್ಕೆ ಹಾಕಿದ್ದಲ್ಲ. ಅಮೆರಿಕದ 1975ರಿಂದ 2016ರವರೆಗಿನ ಅಪಘಾತ ದಾಖಲೆಗಳನ್ನು ನೋಡಿದ ಅಧ್ಯಯನವೊಂದು, ಹ್ಯಾಲೋವೀನ್ ಸಂಜೆ ಪಾದಚಾರಿ ಸಾವಿನ ಅಪಾಯ ಅಕ್ಕಪಕ್ಕದ ವಾರಗಳ ಸಂಜೆಗಳಿಗಿಂತ ಶೇ. 43 ಹೆಚ್ಚು ಎಂದು ಕಂಡುಕೊಂಡಿತು. 4ರಿಂದ 8 ವರ್ಷದವರಲ್ಲಿ ಇನ್ನೂ ಹಲವು ಪಟ್ಟು. ಹ್ಯಾಲೋವೀನಿನಲ್ಲಿ ಆರೋಗ್ಯ ಅಂದರೆ ಎಲ್ಲರೂ ಕ್ಯಾಂಡಿಯ ಮಾತಾಡುತ್ತಾರೆ. ಕಪ್ಪು ನಿಲುವಂಗಿಯ ಪುಟ್ಟ ಡ್ರಾಕುಲಾ ರಸ್ತೆ ದಾಟುವುದು ಅದಕ್ಕಿಂತ ದೊಡ್ಡ ವಿಷಯ. ಮುಖವಾಡದ ಕಣ್ಣಿನ ತೂತಿನಿಂದ ಪಕ್ಕದ್ದು ಕಾಣುವುದಿಲ್ಲ, ಹಾಗಾಗಿ ಮುಖಕ್ಕೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ, ಹಿಂದಿನ ದಿನ ಮೊಣಕೈ ಮೇಲೆ ಹಚ್ಚಿ ನೋಡಿದ್ದು.

ಮಗಳು ಯಕ್ಷಗಾನದ ಬಣ್ಣದ ವೇಷ ಆಗುತ್ತೇನೆ ಅಂದಳು, ಆಮೇಲೆ ಬೆಕ್ಕು ಅಂದಳು. ಬೆಕ್ಕೇ ಆದಳು. ನನಗೆ ಕಿರೀಟದ ಕೆಲಸ ತಪ್ಪಿತು.

ಬೀಜ, ರೊಟ್ಟಿ

ಪೈ ಕುಂಬಳದ ಬೀಜದ ಸಿಪ್ಪೆ ತೆಳು, ಹುರಿಯಲು ಅದು ಉತ್ತಮ. ಕೆತ್ತುವ ಕಾಯಿಯ ಬೀಜ ದೊಡ್ಡದು, ಸಿಪ್ಪೆ ಮರದ ಹಾಗೆ. ನಾರು ತೆಗೆದು, ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಒಣಗಿಸಿ, ಎಣ್ಣೆ, ಅರಿಶಿನ, ಖಾರದ ಪುಡಿ, ಇಂಗು ಸವರಿ, 325 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ 20-25 ನಿಮಿಷ. ನಡುವೆ ಒಮ್ಮೆ ಕೈಯಾಡಿಸಬೇಕು. ಕುದಿಸುವುದನ್ನು ಬಿಡಬೇಡಿ, ಉಪ್ಪು ಒಳಗೆ ಇಳಿಯುವುದೂ, ಸಿಪ್ಪೆ ಗರಿಗರಿಯಾಗುವುದೂ ಅದರಿಂದ. ಕೊನೆಯಲ್ಲಿ ಕರಿಬೇವು. ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ ಕೊಡಬಾರದು, ಆದ್ದರಿಂದ ಚಿಕ್ಕವನಿಗೆ ಅದೇ ಬೀಜವನ್ನು ಒಣಕೊಬ್ಬರಿ, ಮೆಣಸಿನಕಾಯಿ, ಹುಣಸೆ ಜೊತೆ ಮಿಕ್ಸಿಗೆ ಹಾಕಿ, ಜರಡಿ ಹಿಡಿದು ಚಟ್ನಿಪುಡಿ ಮಾಡಿದೆ.

ತಿರುಳನ್ನು ತುರಿದು ಅಕ್ಕಿ ರೊಟ್ಟಿಗೆ ಹಾಕಿದೆ. ಎಣ್ಣೆ ಬಿಡಲು ಬೆರಳಿನಿಂದ ತೂತು ಮಾಡುತ್ತೇವಲ್ಲ, ಅದನ್ನೇ ಎರಡು ಕಣ್ಣು, ಮೂಗು, ಬಾಯಿ ಇರುವಂತೆ ಮಾಡಿದರೆ ಹ್ಯಾಲೋವೀನ್ ರೊಟ್ಟಿ. ಸಂಜೆ 5ಕ್ಕೇ ಹೊಟ್ಟೆ ತುಂಬಿಸಿ ಕಳಿಸಿದರೆ ದಾರಿಯಲ್ಲಿ ಕ್ಯಾಂಡಿ ಬಿಚ್ಚುವ ಆತುರ ತಾನಾಗಿ ಅರ್ಧವಾಗುತ್ತದೆ. ಈ ಒಂದು ಉಪಾಯ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ಆ ಸಂಜೆ, ಆಮೇಲೆ

ಅಕ್ಟೋಬರ್ ಕೊನೆಗೆ ಕೊಲಂಬಸ್‌ನಲ್ಲಿ ಸೂರ್ಯ ಮುಳುಗುವುದು ಆರೂವರೆಗೆ. ಮೊದಲ ಅರ್ಧ ಗಂಟೆ ಬೆಳಕಿತ್ತು, ಪುಟಾಣಿಗಳೆಲ್ಲ ಆಗಲೇ ಬಂದರು. ಕತ್ತಲಾದ ಮೇಲೆ ದೀಪದ ಪೈಪು ದೂರದಿಂದಲೇ ಕಾಣತೊಡಗಿ ಸಾಲು ನಿಂತಿತು. ಒಂದು ಸಲ ಪೊಟ್ಟಣ ಹಿಡಿದವರು ಸಾಲಿನ ಕೊನೆಗೆ ಹೋಗಿ ಮತ್ತೆ ಬಂದರು. ಕೆಲವರು ತಮ್ಮ ಚೀಲದ ಕ್ಯಾಂಡಿಯನ್ನೇ ಮೇಲೆ ತಂದುಕೊಟ್ಟು, "ಇದನ್ನೂ ಬಿಡಿ" ಅಂದರು! ಮೇಲೆ ಅತ್ತೆ, ಕೆಳಗೆ ಮಗಳು. ಹದಿಹರೆಯದ ಹುಡುಗರು ಸಣ್ಣವರಿಗಿಂತ ಜೋರಾಗಿ ಕೂಗಿದರು. ಕ್ಯಾಂಡಿ ಇಲ್ಲವೇ ಅಂತ ಕೇಳಿದವರು ಒಬ್ಬಿಬ್ಬರು ಇದ್ದರು; ಅವರನ್ನೂ ಪೈಪಿನ ಮುಂದೆ ನಿಲ್ಲಿಸಿದೆವು. ಹಸಿರು-ನೀಲಿ ಕಾಯಿ ನೋಡಿ ಒಬ್ಬ ತಾಯಿ ತನ್ನ ಮಗನನ್ನು ಒಬ್ಬನೇ ಮುಂದೆ ಕಳಿಸಿದಳು, ಲೇಬಲ್ ಓದಲು ತಾನು ಬರಲಿಲ್ಲ. ಎರಡು ಸಲ ಪೊಟ್ಟಣ ಸಿಕ್ಕಿಕೊಂಡಿತು, ಪೊರಕೆ ಹಿಡಿ ಕೆಲಸಕ್ಕೆ ಬಂತು.

ನಮ್ಮ ಮಕ್ಕಳೂ ನಮ್ಮನೆಯವರ ಜೊತೆ ಸುತ್ತಿ ಬಕೆಟ್ ತುಂಬಿಸಿಕೊಂಡೇ ಬಂದರು. ಅದನ್ನು ಕಿತ್ತುಕೊಳ್ಳುವುದಿಲ್ಲ. ನೆಲದ ಮೇಲೆ ಸುರಿದು ವಿಂಗಡಣೆ: ಅಲರ್ಜಿ, ಗಂಟಲಿಗೆ ಸಿಗುವ ಗಟ್ಟಿ ಮಿಠಾಯಿ ಮೊದಲು ಆಚೆ. ಕ್ಯಾರಮೆಲ್, ಗಮ್ಮಿಯಂಥ ಅಂಟು ಮಾಲು ಇನ್ನೊಂದು ಗುಡ್ಡೆ. ಹಲ್ಲಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಎಷ್ಟು ಸಿಕ್ಕಿತು ಅನ್ನುವುದರಷ್ಟೇ ಎಷ್ಟು ಸಲ, ಎಷ್ಟು ಹೊತ್ತು ಸಿಕ್ಕಿತು ಅನ್ನುವುದೂ ಮುಖ್ಯ. ಅಂಟಿಕೊಂಡು ಕೂರುವುದಕ್ಕಿಂತ ಕರಗಿಹೋಗುವ ಚಾಕೊಲೇಟ್ ವಾಸಿ. ದಿನವಿಡೀ ಚೀಪುವುದಕ್ಕಿಂತ ಊಟವಾದ ಕೂಡಲೇ ಎರಡು ತಿಂದು ನೀರು ಕುಡಿಯುವುದು ವಾಸಿ, ಊಟದ ಹೊತ್ತಿಗೆ ಬಾಯಲ್ಲಿ ಜೊಲ್ಲು ಹೆಚ್ಚಿರುತ್ತದೆ. ಯಾವ ಎರಡು ಅನ್ನುವುದು ಮಕ್ಕಳ ಆಯ್ಕೆ. ಅಂಟಿನ ಗುಡ್ಡೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಯಿತು. ಹಬ್ಬದ ಮಾರನೇ ವಾರ ತೂಕದ ಲೆಕ್ಕದಲ್ಲಿ ಕ್ಯಾಂಡಿ ಕೊಳ್ಳುವ ಕ್ಲಿನಿಕ್ಕುಗಳು ಇಲ್ಲಿ ಹಲವಿವೆ. ಹೀಗೆ ಸೇರಿದ್ದು ಆಪರೇಷನ್ ಗ್ರ್ಯಾಟಿಟ್ಯೂಡ್‌ನಂಥ ಸಂಸ್ಥೆಗಳ ಮೂಲಕ ಸೈನಿಕರಿಗೆ ಹೋಗುತ್ತದೆ. ಸೈನಿಕರ ಹಲ್ಲಿನ ಗತಿ ಏನು ಅಂತ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ.

ಜಿಪ್ ಟೈ ಕತ್ತರಿಸಿ ಪೈಪನ್ನು ಗ್ಯಾರೇಜಿನ ಗೋಡೆಗೆ ಅಡ್ಡ ಹಾಕಿದ್ದೇನೆ. ಗೆಜ್ಜೆಪಟ್ಟಿ ಬಿಚ್ಚಿಲ್ಲ. ಕೆತ್ತಿದ ಕಾಯಿ ಗೊಬ್ಬರದ ಗುಂಡಿಗೆ, ಬಣ್ಣದ್ದು ಕಸಕ್ಕೆ. ಮುಂದಿನ ಸಲ ಮಾಡಬೇಕಾದ ಬದಲಾವಣೆ ಎರಡು: ಪೈಪು 4 ಇಂಚಿನದು, ಆಗ ಹೊಳೆಯುವ ಬಳೆಯೂ ಪೊಟ್ಟಣದಲ್ಲೇ ಹೋಗುತ್ತದೆ, ಮೇಲಿನ ಬಾಯಿಗೊಂದು ದೊಡ್ಡ ಲಾಳಿಕೆ, ಅತ್ತೆ ಬಗ್ಗದೆ ಕುರ್ಚಿಯಲ್ಲಿ ಕೂತೇ ಹಾಕುವ ಹಾಗೆ.